ಪಿಸುದನಿಗೆ ಹೊಂದಿಸಿದ ಆಂಪ್ಲಿಫೈಯರ್

ಪೀಣ್ಯದ ಆ ಕಾರ್ಖಾನೆಗೆ ನಾನು ಕೆಲಸಕ್ಕೆ ಸೇರಿದ ದಿನ ಮೊದಲು ಕೇಳಿಸಿದ್ದು ಅವರ ದನಿ. ಮನುಷ್ಯ ಕಂಡದ್ದು ಆಮೇಲೆ. ಮೆಟ್ಟಿಲು ಹತ್ತುತ್ತಿದ್ದೆ, ಮೇಲಿನಿಂದ ಯಾರೋ ಬಸ್ಸಿನ ಕಂಡಕ್ಟರ್ ಹಾಗೆ ಒಂದೇ ಸಮನೆ ಕೂಗುತ್ತಿದ್ದರು: “ಗೊರಗುಂಟೆಪಾಳ್ಯ, ಜಾಲಹಳ್ಳಿ ಕ್ರಾಸ್, ದಾಸರಹಳ್ಳಿ, ಎಂಟನೇ ಮೈಲಿ, ಮಾದಾವರ, ಮಾಕಳಿ!” ತುಮಕೂರು ರಸ್ತೆಯ ಬಸ್ ನಿಲ್ದಾಣಗಳೆಲ್ಲ ಸಾಲಾಗಿ ಬಂದುಹೋದವು. ಒಳಗೆ ಹೋಗಿ ನೋಡಿದರೆ, ಎತ್ತರದ, ಸ್ವಲ್ಪ ಬಾಗಿದ ಬೆನ್ನಿನ ಒಬ್ಬರು ಕೈಯಲ್ಲಿ ಮೈಕು ಹಿಡಿದು, ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಸುತ್ತ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ದಿನವೂ ನಡೆಯುವುದೇ ಇರಬೇಕು ಅಂದುಕೊಂಡೆ. ಹೌದು, ದಿನವೂ ನಡೆಯುತ್ತಿತ್ತು.

“ಹಲೋ ಹಲೋ ಅಂದ್ರೆ ಯಾವ ಕೆಟ್ಟ ಆಂಪ್ಲಿಫೈಯರ್ರೂ ಚೆನ್ನಾಗೇ ಹೇಳ್ಬಿಡತ್ತೆ,” ಎಂದು ಆಮೇಲೆ ನನಗೆ ವಿವರಿಸಿದರು. “ದಾಸರಹಳ್ಳಿ ಅನ್ನಕ್ಕೆ ಹೇಳಿ ನೋಡಮ್ಮ. ಆ ‘ಸ’ದಲ್ಲೇ ಅದರ ಬಣ್ಣ ಬಯಲಾಗೋದು.”

ಅವರು ನಮ್ಮ ವಿನ್ಯಾಸ ವಿಭಾಗದ ಮುಖ್ಯಸ್ಥರು. ಶಾಲೆ, ಬಸ್ ನಿಲ್ದಾಣ, ದೇವಸ್ಥಾನ, ಮಸೀದಿ, ಕಾರ್ಖಾನೆ, ಎಲ್ಲೆಲ್ಲಿ ಒಬ್ಬರು ಮಾತಾಡಿ ಬಹಳ ಜನ ಕೇಳಬೇಕೋ ಅಲ್ಲಿಗೆಲ್ಲ ನಾವು ಆಂಪ್ಲಿಫೈಯರ್ ಮಾಡಿ ಕಳಿಸುತ್ತಿದ್ದೆವು. ನಾನು ತುಮಕೂರಿನಲ್ಲಿ ಓದು ಮುಗಿಸಿ ಪರೀಕ್ಷಾ ವಿಭಾಗಕ್ಕೆ ಸೇರಿದವಳು. ಹತ್ತಾರು ವರ್ಷ ಅವರ ಎದುರಿನ ಮೇಜಿನಲ್ಲಿ ಕೂತೆ. ಕಳೆದ ಮಳೆಗಾಲದ ಕೊನೆಯಲ್ಲಿ ಅವರು ತೀರಿಕೊಂಡರು. ಅವರ ಬಗ್ಗೆ ಬರೆಯಬೇಕೆಂದು ಅಂದಿನಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಬರೆಯಲು ಕೂತರೆ ಮೊದಲು ನೆನಪಾಗುವುದು ಮುಖವಲ್ಲ, ಆ ಬಸ್ ನಿಲ್ದಾಣಗಳು.

ಅವರ ಮೇಜಿನ ಮೂಲೆಯಲ್ಲಿ ಸದಾ ಒಂದು ಹಳೆಯ ಸರ್ಕ್ಯೂಟ್ ಬೋರ್ಡು ಇರುತ್ತಿತ್ತು. ಅದಕ್ಕೊಂದು ಸ್ವಿಚ್ಚು, ಒಂದು ಪುಟ್ಟ ಸ್ಪೀಕರ್. ಹೊಸಬರು ಯಾರೇ ಬರಲಿ, ಅದರ ಮುಂದೆ ಕೂರಿಸುವುದು ಅವರ ಪದ್ಧತಿ. ಸ್ವಿಚ್ಚನ್ನು ಒಂದು ಕಡೆಗೆ ತಳ್ಳಿದರೆ ಹಾಡು ಜೋರಾಗಿ ಬರುತ್ತಿತ್ತು, ಆದರೆ ಹರಿದ ತಮಟೆ ಬಡಿದ ಹಾಗೆ ಒರಟು. ಇನ್ನೊಂದು ಕಡೆಗೆ ತಳ್ಳಿದರೆ ಸದ್ದು ತಗ್ಗಿ, ಹಾಡಿನ ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗೆ ಕೇಳುತ್ತಿತ್ತು.

“ಏನಾಯ್ತು ಹೇಳು?”

“ವಾಲ್ಯೂಮ್ ಕಮ್ಮಿ ಆಯ್ತು ಸಾರ್.”

“ಅದು ಎಲ್ಲರಿಗೂ ಗೊತ್ತಾಗತ್ತೆ. ಇನ್ನೇನಾಯ್ತು?”

ಕಾಲೇಜಿನಲ್ಲಿ ನೆಗೆಟಿವ್ ಫೀಡ್‌ಬ್ಯಾಕ್ ಎಂಬ ಪಾಠ ಓದಿದ್ದೆ. ಸೂತ್ರ ಬಾಯಿಪಾಠವಾಗಿತ್ತು. ಆ ಸೂತ್ರಕ್ಕೂ ಈ ಹಾಡಿಗೂ ಸಂಬಂಧ ಇದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಅವರು ಸ್ವಿಚ್ಚಿನ ಮೇಲೆ ಬೆರಳಿಟ್ಟು ಹೇಳಿದರು: “ಹೊರಗೆ ಹೋಗೋ ಸದ್ದಲ್ಲಿ ಒಂದು ಚೂರು ವಾಪಸ್ ತಂದು, ಒಳಗೆ ಬರೋದ್ರಲ್ಲಿ ಕಳೀತೀವಿ. ನಾನು ಎಲ್ಲಿ ತಪ್ಪು ಮಾಡ್ತಿದೀನಿ ಅಂತ ಅದಕ್ಕೆ ಗೊತ್ತಾಗತ್ತೆ. ತಾನೇ ತಿದ್ಕೊಳತ್ತೆ. ಜೋರು ಸ್ವಲ್ಪ ಹೋಗತ್ತೆ, ಹೋಗ್ಲಿ ಬಿಡು. ಜೋರು ಬೇಕಾದ್ರೆ ಆಮೇಲೆ ಇನ್ನೊಂದು ಟ್ರಾನ್ಸಿಸ್ಟರ್ ಹಾಕ್ಕೊಂಡ್ರಾಯ್ತು.”

ಸ್ವಿಚ್ಚನ್ನು ಇನ್ನೊಮ್ಮೆ ಆ ಕಡೆ ಈ ಕಡೆ ತಳ್ಳಿ ಮತ್ತೆ ಹೇಳಿದರು: “ಆದ್ರೆ ಆ ವಾಪಸ್ ಬರೋದು ತಡ ಆಗ್ಬಾರ್ದು ಕಣಮ್ಮ. ತಡ ಆದ್ರೆ ಕಳೀಬೇಕಾದ್ದು ಕೂಡ್ಕೊಂಡ್ಬಿಡತ್ತೆ. ಆಮೇಲೆ ಯಾರೂ ಏನೂ ಮಾತಾಡ್ದೆ ಇದ್ರೂ ಅದು ತನ್ನಷ್ಟಕ್ಕೆ ತಾನು ಕೂಗ್ತಾ ಕೂತಿರತ್ತೆ. ಅದನ್ನೇ ಆಸಿಲೇಷನ್ ಅನ್ನೋದು.”

ಒಮ್ಮೆ ಕಂಪನಿಯ ಮಾನವ ಸಂಪನ್ಮೂಲ ವಿಭಾಗಕ್ಕೆಂದು ಒಬ್ಬ ಹುಡುಗಿ ಸೇರಿದಳು. ಎಲ್ಲರನ್ನೂ ಕೂರಿಸಿಕೊಂಡು, ಇನ್ನು ಮುಂದೆ ವರ್ಷಕ್ಕೊಮ್ಮೆ ಪ್ರತಿಯೊಬ್ಬರಿಗೂ ಫೀಡ್‌ಬ್ಯಾಕ್ ಕೊಡಲಾಗುವುದು ಎಂದಳು. ಹಿಂದಿನ ಸಾಲಿನಿಂದ ಇವರ ದನಿ ಗುಡುಗಿತು: “ವರ್ಷಕ್ಕೊಂದ್ಸಲಾನಾ? ಅಷ್ಟು ತಡವಾಗಿ ಕೊಟ್ರೆ ಆಸಿಲೇಷನ್ ಶುರುವಾಗತ್ತಮ್ಮ!” ನಮ್ಮ ವಿಭಾಗದವರೆಲ್ಲ ಬಿದ್ದು ಬಿದ್ದು ನಕ್ಕೆವು. ಪಾಪ, ಆ ಹುಡುಗಿಗೆ ಏನೂ ಅರ್ಥವಾಗಲಿಲ್ಲ. ಊಟದ ಹೊತ್ತಿನಲ್ಲಿ ಇವರೇ ಅವಳನ್ನು ಕರೆದುಕೊಂಡು ಬಂದು ಆ ಬೋರ್ಡಿನ ಮುಂದೆ ಕೂರಿಸಿದರು.

ಅವರಿಗೆ ತಮ್ಮ ಕೆಲಸದ ಬಗ್ಗೆ ಹೆಮ್ಮೆ ಇತ್ತು, ಸ್ವಲ್ಪ ಜಾಸ್ತಿಯೇ ಇತ್ತು. ಯಾರಾದರೂ ಎದುರು ಹೇಳಿದರೆ ಥಟ್ಟನೆ ಸಿಟ್ಟು ಬರುತ್ತಿತ್ತು. ಒಂದು ಸಲ ಆ ಹೆಮ್ಮೆಯೇ ಅವರನ್ನು ಬೀಳಿಸಿತು. ಹೊಸದೊಂದು ಆಂಪ್ಲಿಫೈಯರಿನಲ್ಲಿ ಫೀಡ್‌ಬ್ಯಾಕ್ ಬಹಳ ಹೆಚ್ಚಿಸಿದರು. ಶಬ್ದ ಎಷ್ಟು ಶುದ್ಧವಾಗಿ ಬಂತೆಂದರೆ ನಮ್ಮ ಅಳತೆಯ ಯಂತ್ರಕ್ಕೆ ಅದರಲ್ಲಿ ದೋಷವೇ ಸಿಗಲಿಲ್ಲ. ಮಾರಾಟದವರು ಕುಣಿದಾಡಿದರು. ಇನ್ನಷ್ಟು ಪರೀಕ್ಷೆ ಬೇಕು, ಉದ್ದದ ತಂತಿ ಹಾಕಿ ನೋಡಬೇಕು ಎಂದು ಒಬ್ಬ ಹಿರಿಯ ತಂತ್ರಜ್ಞ ಹೇಳಿದ್ದಕ್ಕೆ, “ನಂಗೇ ಪಾಠ ಹೇಳ್ಕೊಡ್ತೀಯೇನಯ್ಯ?” ಎಂದು ಅವನ ಬಾಯಿ ಮುಚ್ಚಿಸಿದರು.

ಜಿಗಣಿಯ ಒಂದು ಕಾರ್ಖಾನೆಯಿಂದ ಮೊದಲ ದೂರು ಬಂತು. ಆಂಪ್ಲಿಫೈಯರುಗಳು ಒಂದರ ಹಿಂದೊಂದು ಸುಟ್ಟುಹೋಗುತ್ತಿವೆ ಎಂದರು. ನಾವಿಬ್ಬರೂ ವ್ಯಾನಿನಲ್ಲಿ ಹೋದೆವು. ದೊಡ್ಡ ಶೆಡ್ಡು, ಈ ತುದಿಯಿಂದ ಆ ತುದಿಗೆ ಸ್ಪೀಕರಿನ ತಂತಿ ಎಳೆದಿದ್ದರು. ಇನ್ನೂ ಸುಡದ ಒಂದು ಡಬ್ಬಿ ಉಳಿದಿತ್ತು. ಆನ್ ಮಾಡಿದೆವು. ಮೈಕಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಸ್ಪೀಕರಿನಿಂದ ಚಕಾರವಿಲ್ಲ. ಅವರು ಡಬ್ಬಿಯ ಹಿಂಬದಿಯ ಅಲ್ಯೂಮಿನಿಯಂ ಪಟ್ಟಿಯ ಮೇಲೆ ಕೈಯಿಟ್ಟವರು ಕೈ ಕೊಡವಿಕೊಂಡರು. ದೋಸೆ ಕಾವಲಿಯ ಹಾಗೆ ಕಾದಿತ್ತು. ಸದ್ದಿನ ಅಲೆಯನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ಹಚ್ಚಿದೆ. ತೆಳ್ಳಗಿನ ಒಂದು ಗೆರೆ ಕಾಣಬೇಕಾದ ಕಡೆ ದಪ್ಪನೆಯ ಹಸಿರು ಪಟ್ಟಿ ಕಂಡಿತು.

“ಕೂಗ್ತಾ ಇದೆ,” ಎಂದರು ಮೆಲ್ಲಗೆ. “ನಮ್ಮ ಕಿವಿಗೆ ನಿಲುಕದಷ್ಟು ಮೇಲಿನ ಸ್ವರದಲ್ಲಿ ಕೂಗ್ತಾ ಇದೆ. ಕೂಗಿ ಕೂಗಿ ಸತ್ತುಹೋಗತ್ತೆ.”

ಉದ್ದದ ತಂತಿಯಿಂದಾಗಿ ವಾಪಸ್ ಬರುವ ಸದ್ದು ತಡವಾಗುತ್ತಿತ್ತು. ಫೀಡ್‌ಬ್ಯಾಕ್ ಅಷ್ಟು ಹೆಚ್ಚಿಲ್ಲದಿದ್ದರೆ ತಡೆದುಕೊಳ್ಳುತ್ತಿತ್ತೇನೋ. ಮಾರನೆಯ ಬೆಳಗ್ಗೆ ಮಾಲೀಕರು ಎಲ್ಲರನ್ನೂ ಕರೆದು ಯಾರ ತಪ್ಪು ಎಂದು ಕೇಳುವ ಮೊದಲೇ ಇವರು ಎದ್ದು ನಿಂತು, “ನಂದು ಸಾರ್. ಟೆಸ್ಟ್ ಮಾಡಿ ಅಂತ ಇವನು ಹೇಳಿದ್ದ. ನಾನು ಕೇಳ್ಲಿಲ್ಲ,” ಎಂದು ಆ ತಂತ್ರಜ್ಞನ ಹೆಗಲ ಮೇಲೆ ಕೈಯಿಟ್ಟರು. ಕಳಿಸಿದ್ದನ್ನೆಲ್ಲ ವಾಪಸ್ ತರಿಸಿ, ಎಲ್ಲರ ಜೊತೆ ತಾವೂ ಸೋಲ್ಡರಿಂಗ್ ಕಡ್ಡಿ ಹಿಡಿದು ಕೂತು ಸರಿಮಾಡಿದರು. ಫೀಡ್‌ಬ್ಯಾಕ್ ಇಳಿಸಿದರು, ಆ ಮೇಲಿನ ಸ್ವರಗಳನ್ನು ತಗ್ಗಿಸಲು ಒಂದು ಪುಟ್ಟ ಕೆಪಾಸಿಟರ್ ಸೇರಿಸಿದರು. ಶುದ್ಧತೆ ಸ್ವಲ್ಪ ಕಡಿಮೆಯಾಯಿತು. ಆಮೇಲೆ ಒಂದೂ ಸುಡಲಿಲ್ಲ. ಅದಾದ ಮೇಲೆ ಯಾರಾದರೂ ಎದುರು ಹೇಳಿದರೆ ಅವರ ಮುಖ ಮೊದಲಿನ ಹಾಗೇ ಕೆಂಪಾಗುತ್ತಿತ್ತು. ಆದರೆ ಬಾಯಿ ಬಿಗಿಹಿಡಿದು ಕೊನೆಯವರೆಗೂ ಕೇಳುತ್ತಿದ್ದರು. ಕೇಳುವುದು ಅವರಿಗೆ ಎಷ್ಟು ಕಷ್ಟ ಎಂಬುದು ಕತ್ತಿನ ನರದಲ್ಲಿ ಕಾಣುತ್ತಿತ್ತು.

ಅದೇ ಕತ್ತಿನಲ್ಲಿ ಒಂದು ಗಡ್ಡೆ ಎದ್ದಿತು. ಮೊದಲು ದನಿ ಒಡೆಯಿತು. ಸೋಲ್ಡರಿಂಗ್ ಹೊಗೆ ಅಂದುಕೊಂಡೆವು, ಪೀಣ್ಯದ ಧೂಳು ಅಂದುಕೊಂಡೆವು. ಬಸ್ ನಿಲ್ದಾಣ ಕೂಗುತ್ತಿದ್ದವರು ಮಾದಾವರದ ಹೊತ್ತಿಗೆ ಕೆಮ್ಮತೊಡಗಿದರು. ಆಸ್ಪತ್ರೆಯಲ್ಲಿ ಗಡ್ಡೆ ತೆಗೆಯುವಾಗ, ಅದು ಅಂಟಿಕೊಂಡಿದ್ದ ದನಿಯ ನರವನ್ನೂ ತೆಗೆಯಬೇಕಾಯಿತಂತೆ. ರಜೆ ಮುಗಿಸಿ ವಾಪಸ್ ಬಂದಾಗ ಅವರ ಬಾಯಿಂದ ಬರುತ್ತಿದ್ದುದು ಬರೀ ಉಸಿರು. ಹತ್ತಿರ ಕಿವಿಯಿಟ್ಟರೆ ಆ ಉಸಿರಿನಲ್ಲಿ ಪದಗಳಿರುತ್ತಿದ್ದವು. ಕೆಳಗೆ ಕಂಪ್ರೆಸರ್ ಶುರುವಾದರೆ ಅದೂ ಇಲ್ಲ. ಒಂದು ದಿನ ನನ್ನನ್ನು ಕರೆಯಲು ಅವರು ಸ್ಕ್ರೂಡ್ರೈವರಿನಿಂದ ಮೇಜು ಕುಟ್ಟಿದರು. ನಾನು ತಿರುಗಿ ನೋಡಿದೆ. ಅವರು ಆ ಸ್ಕ್ರೂಡ್ರೈವರನ್ನು ಒಮ್ಮೆ ನೋಡಿ ಕೆಳಗಿಟ್ಟರು. ಮರುವಾರ ಕೆಲಸ ಬಿಟ್ಟರು.

ಬೀಳ್ಕೊಡುಗೆಯಲ್ಲಿ ಎಲ್ಲರೂ ಮಾತಾಡಿದರು. ಅವರ ಸರದಿ ಬಂದಾಗ ಮಾಲೀಕರು ನಮ್ಮದೇ ಮೈಕನ್ನು ಅವರ ಬಾಯಿಯ ಹತ್ತಿರ ಹಿಡಿದರು. ಪಿಸುಮಾತು ಕೇಳಲೆಂದು ಯಾರೋ ವಾಲ್ಯೂಮ್ ಏರಿಸಿದರು. ಕಿರ್ರೆಂದು ಸ್ಪೀಕರ್ ಕಿರುಚಿಕೊಂಡಿತು. ಎಲ್ಲರೂ ಕಿವಿ ಮುಚ್ಚಿಕೊಂಡೆವು. ಅವರು ನಕ್ಕು, ಕೈಮುಗಿದು ಕೂತುಬಿಟ್ಟರು.

ಕೆಲವು ತಿಂಗಳಾದ ಮೇಲೆ ಅವರ ಹೆಂಡತಿಯ ಫೋನ್ ಬಂತು. ನಾನು ಅವರನ್ನು ಅಕ್ಕ ಎಂದು ಕರೆಯುತ್ತಿದ್ದೆ.

“ಭಾನುವಾರ ಬರಕ್ಕಾಗತ್ತೇನಮ್ಮ? ನಿಮ್ಮ ಸಾರ್ ಕರೀತಾವ್ರೆ. ಏನೋ ಮಾಡ್ಬೇಕಂತೆ, ಒಬ್ಬರ ಕೈಲಿ ಆಗಲ್ವಂತೆ.”

ಮಾಕಳಿಯಲ್ಲಿ ಅವರದು ಹಳೆಯ ಮನೆತನ. ಹೊಲವಿದ್ದ ಕಡೆ ಈಗ ಗೋದಾಮುಗಳಿವೆ, ಹಿತ್ತಿಲಲ್ಲಿ ಬಾಡಿಗೆಗೆ ಕಟ್ಟಿದ ಕೋಣೆಗಳಿವೆ, ಒಂದೊಂದರ ಮುಂದೂ ಕಾರ್ಖಾನೆ ಕೆಲಸದವರ ಬಟ್ಟೆ ಒಣಗುತ್ತಿರುತ್ತವೆ. ಮುಂದಿನ ಹಜಾರದಲ್ಲಿ ಮಂಚದ ಮೇಲೆ ಅವರ ತಾಯಿ ಕೂತಿದ್ದರು. ತೊಂಬತ್ತರ ಹತ್ತಿರದ ವಯಸ್ಸು, ಕಣ್ಣು ಚುರುಕು, ಕಿವಿ ಮಾತ್ರ ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು.

ಸಾರ್ ನನ್ನನ್ನು ಜಗಲಿಯ ಮೇಲೆ ಕೂರಿಸಿಕೊಂಡು, ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು. ಕೆಲಸದಿಂದ ಬಂದ ಮೇಲೆ ತಾವು ತಾಯಿಯ ಮಂಚದ ತುದಿಯಲ್ಲಿ ಕೂತು ಆ ದಿನದ ಸುದ್ದಿಯೆಲ್ಲ ಹೇಳುವುದು ಅವರ ಮನೆಯ ರೂಢಿಯಂತೆ. ತಾಯಿಯ ಕಿವಿ ಮಂದವಾದಷ್ಟೂ ಅವರ ದನಿ ದೊಡ್ಡದಾಗುತ್ತ ಬಂದಿತ್ತು. ಕಾರ್ಖಾನೆಯಲ್ಲಿ ನಾವು ಕೇಳುತ್ತಿದ್ದ ಆ ಗುಡುಗು ಎಲ್ಲಿಂದ ಬಂದದ್ದೆಂದು ನನಗೆ ಆಗ ತಿಳಿಯಿತು.

ಈಗ ದನಿ ಹೋಗಿತ್ತು. ತಾಯಿಗೆ ಓದು ಬಾರದು. ಅಕ್ಕ ಗಂಡನ ಮಾತು ಕೇಳಿಸಿಕೊಂಡು ಅತ್ತೆಯ ಕಿವಿಯಲ್ಲಿ ಕೂಗಿ ಹೇಳುತ್ತಿದ್ದರು. “ಅವ್ವ ನನ್ನ ಮುಖ ನೋಡ್ತಾಳೆ, ಉತ್ತರ ಇವಳಿಗೆ ಕೊಡ್ತಾಳೆ,” ಎಂದರು ಸಾರ್. “ನಾನು ಸಿಟ್ಟು ಮಾಡ್ಕೊಂಡು ಮಾತು ಬಿಟ್ಟಿದೀನಿ ಅನ್ಕೊಂಡಿದಾಳೆ.”

“ಹಿಯರಿಂಗ್ ಏಡ್ ಇಲ್ವಾ ಸಾರ್?”

ಇತ್ತು. ಅಜ್ಜಿ ಅದನ್ನು ಎರಡು ದಿನ ಹಾಕಿಕೊಂಡು ತೆಗೆದು ಎಲೆ ಅಡಿಕೆ ಡಬ್ಬಿಯಲ್ಲಿ ಇಟ್ಟುಬಿಟ್ಟಿದ್ದರು. ನಾನು ಕೂಗಿ ಕೇಳಿದ್ದಕ್ಕೆ ಅವರೇ ಹೇಳಿದರು: “ಕಿವಿಯೊಳಗೆ ನೊಣ ಕುಂತಂಗೆ ಆಯ್ತದೆ ಕಣವ್ವ. ನಂಗೆ ಬ್ಯಾಡ. ಬೂಚು ಹಾಕ್ಕೊಂಡು ಕುಂತ್ಕಳಾಕೆ ನಾನೇನ್ ಸೀಸೇನಾ?” ಹೆಡ್‌ಫೋನ್ ತೋರಿಸಿದರೂ ಅದೇ ಉತ್ತರ.

ಉಳಿದದ್ದು ಒಂದೇ ದಾರಿ. ಮಗನ ಬಾಯಿಯ ಹತ್ತಿರ ಮೈಕು, ತಾಯಿಯ ತಲೆಯ ಹತ್ತಿರ ಸ್ಪೀಕರ್, ನಡುವೆ ಆಂಪ್ಲಿಫೈಯರ್. ಹೇಳಲು ಸುಲಭ. ಇಷ್ಟು ಸಣ್ಣ ದನಿಯನ್ನು ಇಷ್ಟು ಮಂದ ಕಿವಿಗೆ ಮುಟ್ಟಿಸಬೇಕಾದರೆ ಅದನ್ನು ವಿಪರೀತ ಹಿಗ್ಗಿಸಬೇಕು. ಹಿಗ್ಗಿಸಿದ ಸದ್ದು ಅದೇ ಕೋಣೆಯ ಸಿಮೆಂಟ್ ಗೋಡೆಗೆ ಬಡಿದು ಮೈಕಿಗೆ ವಾಪಸ್ ಬರುತ್ತದೆ. ಬಂದದ್ದು ಮತ್ತೆ ಹಿಗ್ಗುತ್ತದೆ, ಮತ್ತೆ ವಾಪಸ್ ಬರುತ್ತದೆ. ಬೀಳ್ಕೊಡುಗೆಯ ದಿನ ಕಿರುಚಿದ್ದು ಅದೇ. ಸಭಾಂಗಣದಲ್ಲಾದರೆ ಸ್ಪೀಕರನ್ನು ದೂರ ಒಯ್ಯಬಹುದು. ಇಲ್ಲಿ ಮಂಚಕ್ಕೂ ಕುರ್ಚಿಗೂ ನಡುವೆ ಒಂದು ಮಾರು ದೂರವೂ ಇರಲಿಲ್ಲ.

ಮೊದಲ ಭಾನುವಾರ ನಮ್ಮ ಕಂಪನಿಯ ಒಂದು ಚಿಕ್ಕ ಆಂಪ್ಲಿಫೈಯರ್ ಇಟ್ಟು ನೋಡಿದೆವು. ಸಾರ್ ಬಾಯಿ ತೆರೆಯುವ ಮೊದಲೇ ಅದು ಕಿರುಚಿತು. ಹಿತ್ತಿಲಿನ ಕೋಣೆಗಳಿಂದ ಜನ ಹೊರಗೆ ಬಂದರು. ಬೀದಿನಾಯಿಗಳೆಲ್ಲ ಊಳಿಟ್ಟವು. ಬಿಹಾರದಿಂದ ಬಂದಿದ್ದ ಒಬ್ಬ ಬಾಡಿಗೆದಾರ ಬಾಗಿಲಲ್ಲಿ ಇಣುಕಿ, “ಕ್ಯಾ ಹುವಾ ಅಕ್ಕಾ?” ಎಂದು ಗಾಬರಿಯಿಂದ ಕೇಳಿದ. ಅಜ್ಜಿಗೆ ಮಾತ್ರ ಏನೂ ಕೇಳಿಸಿರಲಿಲ್ಲ. ಆ ವಯಸ್ಸಿನ ಕಿವಿಗೆ ಅಷ್ಟು ಕೀಚಲು ಸ್ವರ ನಿಲುಕುವುದಿಲ್ಲ. ನಾವು ಮೂವರೂ ಒಮ್ಮೆಲೇ ಮುಖ ಕಿವುಚಿ ಕಿವಿ ಮುಚ್ಚಿಕೊಂಡದ್ದಷ್ಟೇ ಅವರಿಗೆ ಕಂಡದ್ದು. “ಏನ್ರೇ ನಿಮ್ಮ ಮಂಗಚೇಷ್ಟೆ!” ಎಂದು ಬೊಚ್ಚುಬಾಯಿ ತೆರೆದು ಗಲಗಲ ನಕ್ಕರು. ಸಾರ್ ಕೂಡ ನಕ್ಕರು. ಅವರ ನಗುವಿಗೂ ಸದ್ದಿರಲಿಲ್ಲ, ಹೆಗಲು ಕುಣಿಯುತ್ತಿತ್ತು ಅಷ್ಟೆ.

ಆಮೇಲಿನ ಭಾನುವಾರಗಳನ್ನು ನಾನು ಮರೆಯಲಾರೆ. ತುಟಿಯ ಅಂಚಿಗೇ ಬರುವಂಥ ಕಡ್ಡಿಯ ಮೈಕು ತಂದೆವು. ಸ್ಪೀಕರನ್ನು ತಾಯಿಯ ದಿಂಬಿನ ಪಕ್ಕಕ್ಕಿಟ್ಟು ಬೆನ್ನನ್ನು ಮಗನ ಕಡೆಗೆ ತಿರುಗಿಸಿದೆವು. ಅಕ್ಕ ಗೋಡೆಗೆಲ್ಲ ಕಂಬಳಿ, ಹಳೆಯ ಸೀರೆಯ ಕೌದಿ ತೂಗುಹಾಕಿದರು. ಹಜಾರ ನಾಟಕದ ಡೇರೆಯ ಹಾಗೆ ಕಾಣತೊಡಗಿತು. ಇಷ್ಟಾದ ಮೇಲೂ ವಾಲ್ಯೂಮ್ ಏರಿಸಿದರೆ ಯಾವುದೋ ಒಂದು ಸ್ವರದಲ್ಲಿ ಕಿರುಚುತ್ತಿತ್ತು. ಆ ಸ್ವರ ಯಾವುದೆಂದು ಹುಡುಕಿ, ಅದೊಂದನ್ನು ಮಾತ್ರ ಅಡಗಿಸುವ ಸರ್ಕ್ಯೂಟ್ ಕಟ್ಟಬೇಕು. ಅದನ್ನು ಅಡಗಿಸಿ ಮತ್ತೆ ಏರಿಸಿದರೆ ಇನ್ನೊಂದು ಸ್ವರ ತಲೆ ಎತ್ತುತ್ತದೆ. ಅದನ್ನೂ ಅಡಗಿಸಬೇಕು. ನಾನು ಗುಂಡಿ ತಿರುಗಿಸುತ್ತಿದ್ದೆ. ಅವರು ಕುರ್ಚಿಯಲ್ಲಿ ಕೂತು ಪಿಸುದನಿಯಲ್ಲಿ ಬಸ್ ನಿಲ್ದಾಣಗಳನ್ನು ಹೇಳುತ್ತಿದ್ದರು.

ಕಿರುಚುವ ಅಂಚಿನವರೆಗೂ ನಾನು ಏರಿಸಿದಾಗ ಒಮ್ಮೆ ತಡೆದರು. “ಅಂಚಲ್ಲಿ ನಿಲ್ಲಿಸ್ಬೇಡ. ಕಿರುಚದೆ ಇದ್ರೂ ಮಾತೆಲ್ಲ ಗುಂಯ್ ಅಂತ ಎಳೆಯತ್ತೆ, ಬಾವಿಯೊಳಗಿಂದ ಮಾತಾಡಿದ ಹಾಗೆ. ಸ್ವಲ್ಪ ಹಿಂದಕ್ಕೆ ಬಾ.” ಹಿಂದಕ್ಕೆ ಬಂದರೆ ಅಜ್ಜಿಗೆ ಕೇಳುತ್ತಿರಲಿಲ್ಲ. ಮತ್ತೆ ಹೊಸ ಸ್ವರ ಹುಡುಕಾಟ.

ಒಂದು ಭಾನುವಾರ ಅವರು ಬೆಸುಗೆ ಹಾಕುವುದನ್ನು ಅರ್ಧಕ್ಕೆ ನಿಲ್ಲಿಸಿದರು. ಸೋಲ್ಡರಿಂಗ್ ಕಡ್ಡಿಯನ್ನು ನನಗೆ ಕೊಟ್ಟರು. ತುಂಬ ಸೊರಗಿದ್ದರು.

“ಇಷ್ಟು ಆತುರ ಯಾಕೆ ಸಾರ್? ಮುಂದಿನ ವಾರ ಮಾಡೋಣ,” ಎಂದೆ.

ಅವರು ಹಜಾರದ ಕಡೆ ನೋಡಿದರು. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. “ಮತ್ತೆ ಬಂದಿದೆ ಕಣಮ್ಮ,” ಎಂದರು. “ಈ ಸಲ ಶ್ವಾಸಕೋಶಕ್ಕೆ ಬಂದಿದೆ. ಡಾಕ್ಟ್ರು ಬಾಯಿಬಿಟ್ಟು ಹೇಳಲ್ಲ, ಆದ್ರೆ ಹೇಳಿದ ಹಾಗೇ.”

ನನ್ನ ಕೈಯಲ್ಲಿದ್ದ ಕಡ್ಡಿಯ ತುದಿಯಿಂದ ಹೊಗೆ ಏಳುತ್ತಿತ್ತು.

“ಅಜ್ಜಿಗೆ ಗೊತ್ತಾ ಸಾರ್?”

“ಇಲ್ಲ. ಇವಳು ಹೇಳ್ತೀನಿ ಅಂದ್ಲು. ಬೇಡ ಅಂದೆ. ಅವ್ವನಿಗಿಂತ ಮುಂಚೆ ನಾನು ಹೋಗ್ತೀನಿ ಅನ್ನೋದನ್ನ ಇನ್ನೊಬ್ಬರು ಕೂಗಿ ಹೇಳೋದಾ? ನಾನೇ ಹೇಳ್ಬೇಕು.” ಸ್ವಲ್ಪ ಉಸಿರು ತೆಗೆದುಕೊಂಡರು. “ಬೆಸುಗೆ ಹಾಕು, ಆರಿಹೋಗತ್ತೆ.”

ಹಾಕಿದೆ. ಕಣ್ಣು ಮಂಜಾಗಿ ಆ ಬೆಸುಗೆ ಸರಿಯಾಗಿ ಕೂರಲಿಲ್ಲ. ಅವರು ಕನ್ನಡಕ ಹಣೆಗೇರಿಸಿ ನೋಡಿ, “ಇನ್ನೊಂದ್ಸಲ,” ಎಂದರು, ಕಾರ್ಖಾನೆಯಲ್ಲಿ ಅನ್ನುತ್ತಿದ್ದ ಹಾಗೆಯೇ.

ಅದು ಕೊನೆಗೂ ಕೂಡಿಬಂದದ್ದು ಒಂದು ಮಧ್ಯಾಹ್ನ. ಗುಂಡಿ ತಿರುಗಿಸುತ್ತಾ ಹೋದೆ, ಕಿರುಚಲಿಲ್ಲ. ಇನ್ನಷ್ಟು ತಿರುಗಿಸಿದೆ, ಆಗಲೂ ಕಿರುಚಲಿಲ್ಲ. ಸಾರ್ ಮೈಕಿನಲ್ಲಿ ಮೆಲ್ಲಗೆ ಉಸಿರುಬಿಟ್ಟರು. ದಿಂಬಿನ ಪಕ್ಕದ ಸ್ಪೀಕರಿನಿಂದ ಗಾಳಿ ಬೀಸಿದ ಹಾಗೆ ಸದ್ದು ಬಂತು. ಅಜ್ಜಿ ತಲೆ ತಿರುಗಿಸಿದರು.

“ಅವ್ವಾ,” ಎಂದರು ಸಾರ್. “ನಾನು.”

ಅಜ್ಜಿ ಒಂದು ಕ್ಷಣ ಸ್ಪೀಕರನ್ನು ನೋಡಿದರು, ಆಮೇಲೆ ಮಗನನ್ನು. ಎಲೆಯನ್ನು ಕೈಯಿಂದ ಕೆಳಗಿಟ್ಟರು. “ಯಾಕ್ಲಾ ಮಗ ಇಷ್ಟ್ ದಿನ ಮಾತಾಡ್ನಿಲ್ಲ? ನಾನೇನ್ ಮಾಡಿದ್ನಪ್ಪ ನಿಂಗೆ?”

“ಏನೂ ಮಾಡಿಲ್ಲ ಕಣವ್ವ. ಗಂಟಲು ಕೆಟ್ಟೋಯ್ತು.”

“ಅಂಗಂತ ಯೋಳಬಾರದಾ?”

“ಹೇಳ್ತಾನೇ ಇದ್ದೆ. ನಿಂಗೆ ಕೇಳ್ತಿರ್ಲಿಲ್ಲ.”

ಅಜ್ಜಿ ಅಳಲಿಲ್ಲ. ಮಂಚದ ತುದಿಯನ್ನು ಕೈಯಿಂದ ತಟ್ಟಿ, “ಇಲ್ಲಿ ಬಾ, ದೂರ ಕುಂತವ್ನೆ,” ಎಂದರು. ಮೈಕಿನ ತಂತಿ ಅಲ್ಲಿಯವರೆಗೆ ಬರುವುದಿಲ್ಲ, ಹತ್ತಿರ ಬಂದರೆ ಕಿರುಚುತ್ತದೆ ಎಂದು ನಾನು ಹೇಳಲು ಹೊರಟೆ. ಸಾರ್ ಕಣ್ಣಲ್ಲೇ ತಡೆದು, ಕೂತಲ್ಲಿಂದಲೇ ಕೈ ಚಾಚಿದರು. ತಾಯಿಯ ಬೆರಳು ಸಿಕ್ಕವು.

ಸಾರ್ ನಮ್ಮಿಬ್ಬರ ಕಡೆ ತಿರುಗಿ, ಹೊರಗೆ ಹೋಗಿ ಎಂಬಂತೆ ತಲೆ ಆಡಿಸಿದರು. ನಾನೂ ಅಕ್ಕನೂ ಹೊರಗೆ ಬಂದು ಬಾಗಿಲು ಎಳೆದುಕೊಂಡೆವು. ಆದರೆ ಅಷ್ಟೆಲ್ಲ ಭಾನುವಾರ ನಾವು ದುಡಿದದ್ದೇ ಆ ಪಿಸುಮಾತು ದೊಡ್ಡದಾಗಲೆಂದು. ಜಗಲಿಯ ಮೇಲೂ ಅದು ಸ್ಪಷ್ಟವಾಗಿ ಕೇಳುತ್ತಿತ್ತು. “ಅವ್ವಾ, ಒಂದ್ ಮಾತು ಹೇಳ್ಬೇಕು,” ಎಂಬುದು ಕೇಳಿತು. ಅಕ್ಕ ಥಟ್ಟನೆ ಎದ್ದು ಹೋಗಿ ನಲ್ಲಿ ತಿರುಗಿಸಿ ಕೆಳಗೆ ಖಾಲಿ ಬಕೆಟ್ ಇಟ್ಟರು. ನೀರು ಧೋ ಎಂದು ಬೀಳತೊಡಗಿತು. ಬಕೆಟ್ ತುಂಬಿ ಹರಿಯಿತು. ಅವರು ನಲ್ಲಿ ನಿಲ್ಲಿಸಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ನಿಂತಿದ್ದರು. ನೀರು ಅಂಗಳ ದಾಟಿ ಬೀದಿಗೆ ಹರಿದುಹೋಗುತ್ತಿತ್ತು.

ಒಳಗೆ ಏನು ಮಾತು ನಡೆಯಿತೋ ನನಗೆ ತಿಳಿಯದು. ಬಾಗಿಲು ತೆರೆದಾಗ ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಸಾರ್ ಅವರ ಕಾಲು ಒತ್ತುತ್ತಿದ್ದರು.

ಆಮೇಲೆ ಒಂದು ಮಳೆಗಾಲ ಪೂರ್ತಿ ಅವರಿಬ್ಬರೂ ದಿನವೂ ಮಾತಾಡಿಕೊಂಡರು. ಅಕ್ಕ ಫೋನಿನಲ್ಲಿ ಹೇಳುತ್ತಿದ್ದರು. ಸುದ್ದಿ ಎಂಥದ್ದು, ಮನೆ ಬಿಟ್ಟು ಹೊರಗೆ ಹೋಗದವರಿಗೆ? ಹಿತ್ತಿಲಿನ ಬಾಡಿಗೆದಾರ ಊರಿಗೆ ಹೋದದ್ದು, ಮೆಟ್ರೋ ಸೇತುವೆಯ ಕೆಳಗೆ ಲಾರಿ ಸಿಕ್ಕಿಕೊಂಡದ್ದು, ಅಜ್ಜಿ ಸೊಸೆಯಾಗಿ ಬಂದಾಗ ಆ ಗೋದಾಮಿನ ಜಾಗದಲ್ಲಿ ಬೆಳೆಯುತ್ತಿದ್ದ ರಾಗಿ. ಕೆಲವೊಮ್ಮೆ ಜಗಳವೂ ಆಗುತ್ತಿತ್ತಂತೆ. “ನೀನು ಮೊದ್ಲಿನ ತರಾನೇ ವದರ್ತೀಯ,” ಎಂದು ಅಜ್ಜಿ ಬೈದದ್ದು ಕೇಳಿ ಸಾರ್ ಇಡೀ ದಿನ ಸಂತೋಷವಾಗಿದ್ದರಂತೆ.

ಕೊನೆಯ ಸಲ ನಾನು ಹೋದಾಗ ಕುರ್ಚಿಯಲ್ಲಿ ಕೂರುವ ಶಕ್ತಿ ಇರಲಿಲ್ಲ. ಇನ್ನೊಂದು ಮಂಚವನ್ನು ತಾಯಿಯ ಎದುರಿಗೇ ಹಾಕಿದ್ದರು. ಮೈಕಿನ ಕಡ್ಡಿ ತುಟಿಯ ಹತ್ತಿರವೇ ಇತ್ತು. ನನ್ನನ್ನು ಕಂಡು ಏನೋ ಹೇಳಲು ನೋಡಿದರು. ಸ್ಪೀಕರಿನಿಂದ ಬರೀ ಉಸಿರು ಬಂತು. ಅಜ್ಜಿ ಅದನ್ನು ಕೇಳಿಸಿಕೊಂಡು, “ಕುಂತ್ಕಳವ್ವ ಅಂತಾವ್ನೆ,” ಎಂದರು. ಹಾಗೆಂದರೋ ಇಲ್ಲವೋ ನನಗೆ ತಿಳಿಯಲಿಲ್ಲ. ಕೂತೆ. ಅದಾದ ಕೆಲವು ದಿನಗಳಿಗೆ ಅವರು ಹೋದರು. ಆ ಹೊತ್ತಿನಲ್ಲಿಯೂ ಆಂಪ್ಲಿಫೈಯರ್ ಆನ್ ಇತ್ತಂತೆ. ಉಸಿರು ನಿಂತದ್ದು ಮೊದಲು ಗೊತ್ತಾದದ್ದು ಅಜ್ಜಿಗೆ.

ತಿಥಿಯೆಲ್ಲ ಮುಗಿದು ಎಷ್ಟೋ ದಿನಗಳಾದ ಮೇಲೆ ಅಕ್ಕ ಮತ್ತೆ ಫೋನ್ ಮಾಡಿದರು. “ಒಂದ್ಸಲ ಬಂದ್ಹೋಗಮ್ಮ. ಅತ್ತೆ ಹತ್ರ ಮಾತಾಡಕ್ಕೆ ಆಗ್ತಿಲ್ಲ. ನಾನು ಕೂಗಿದ್ರೆ ಮುಖ ತಿರುಗಿಸ್ಕೊಳ್ತಾರೆ. ಆ ಮೈಕಲ್ಲಿ ಮಾತಾಡೋಣ ಅಂತ ಹೋದ್ರೆ ಮಾತೆಲ್ಲ ಒಡೆದು ಅಬ್ಬರಿಸತ್ತೆ, ಅವರೂ ಬೆಚ್ಚಿ ಬೀಳ್ತಾರೆ.”

ಕಾರಣ ಹೋಗದೆಯೇ ಗೊತ್ತಿತ್ತು. ಅದನ್ನು ಹೊಂದಿಸಿದ್ದು ಒಬ್ಬ ಮನುಷ್ಯನ ಉಸಿರಿಗೆ. ಮಾಮೂಲಿ ದನಿಯವರು ಅದರ ಮುಂದೆ ಬಾಯಿ ತೆರೆದರೆ ತಡೆದುಕೊಳ್ಳುವುದಿಲ್ಲ. ಹೋಗಿ ಡಬ್ಬಿಯ ಮುಚ್ಚಳ ಬಿಚ್ಚಿದೆ. ಸದ್ದಿನ ಪ್ರಮಾಣವನ್ನು ಹೊಂದಿಸುವ ಪುಟ್ಟ ತಿರುಪಿನ ಮೇಲೆ ಕೆಂಪು ಬಣ್ಣದ ಒಂದು ತೊಟ್ಟು ಒಣಗಿತ್ತು. ಹೊಂದಿಸಿ ಮುಗಿಸಿದ್ದು ಅಲುಗಾಡಬಾರದೆಂದು, ಯಾರೂ ಮುಟ್ಟಬಾರದೆಂದು ಕಾರ್ಖಾನೆಯಲ್ಲಿ ನಾವು ಹಾಗೆ ಬಣ್ಣ ಹಚ್ಚುತ್ತೇವೆ. ಅವರು ಯಾವಾಗ ಹಚ್ಚಿದ್ದರೋ.

“ಇದನ್ನ ಇಳಿಸ್ಬೇಕಕ್ಕ,” ಎಂದೆ. “ಇಳಿಸ್ಲಾ?”

ಅಕ್ಕ ಬಹಳ ಹೊತ್ತು ಅದನ್ನೇ ನೋಡಿದರು. “ಇಳಿಸು,” ಎಂದು ಹೇಳಿ ಅಡುಗೆಮನೆಗೆ ಹೋಗಿಬಿಟ್ಟರು.

ಸ್ಕ್ರೂಡ್ರೈವರ್ ಒತ್ತಿದೆ. ಬಣ್ಣ ಬಿರಿದು ಚಕ್ಕೆಯಾಗಿ ನನ್ನ ಅಂಗೈ ಮೇಲೆ ಬಿತ್ತು. ತಿರುಪನ್ನು ಹಿಂದಕ್ಕೆ ತಿರುಗಿಸಿದೆ. ಅಜ್ಜಿ ಮಂಚದ ಮೇಲೆ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು. ಅಕ್ಕನನ್ನು ಕರೆದು ಕುರ್ಚಿಯಲ್ಲಿ ಕೂರಿಸಿ ಮೈಕು ಕೊಟ್ಟೆ. ಅವರು ಅಂಜುತ್ತಲೇ ಬಾಯಿ ತೆರೆದರು.

“ಅತ್ತೆ, ಮಧ್ಯಾಹ್ನಕ್ಕೆ ಏನ್ ಮಾಡ್ಲಿ?”

ಕಿರುಚಲಿಲ್ಲ. ಮಾತು ಒಡೆಯದೆ ತಿಳಿಯಾಗಿ ಬಂತು. ಅಜ್ಜಿಗೆ ಕೇಳಿಸಿತು ಎಂಬುದು ಅವರ ಮುಖದಲ್ಲೇ ಕಂಡಿತು. ಆದರೆ ಅವರು ಸೊಸೆಗೆ ಉತ್ತರ ಕೊಡಲಿಲ್ಲ. ನನ್ನ ಕಡೆ ತಿರುಗಿ ಕೇಳಿದರು: “ಇವಾಗ ಅವನು ಮಾತಾಡಿದ್ರೆ ನಂಗೆ ಕೇಳ್ಸಾಕಿಲ್ವೇನವ್ವ?”

ಅಕ್ಕ ಮೈಕನ್ನು ನನ್ನ ಕೈಗೆ ಕೊಟ್ಟರು. ಸುಳ್ಳು ಹೇಳಬಹುದಿತ್ತು. ಆ ಕಣ್ಣುಗಳನ್ನು ನೋಡಿ ಆಗಲಿಲ್ಲ.

“ಇಲ್ಲ ಅಜ್ಜಿ,” ಎಂದೆ. “ಕೇಳಿಸಲ್ಲ.”

ಅವರು ತಲೆಯಾಡಿಸಿದರು. ಎದುರಿನ ಖಾಲಿ ಮಂಚದ ಕಡೆ ನೋಡಿದರು. ಆಮೇಲೆ ಸೊಸೆಯ ಮುಖ ನೋಡಿ, ಅವರಿಗೇ ಹೇಳಿದರು: “ಉಪ್ಸಾರು ಮಾಡು. ಈ ಮಗೀಗೂ ಇಕ್ಕು, ಉಣ್ಣದೆ ಓಗಾದು ಬ್ಯಾಡ.”